ಬಣ್ಣ ಬಳಿದ ತೊಲೆ

"ಅಜ್ಜಾರ, ದಿನಾ ಮೂರು ಹೊತ್ತು ಪೂಜಿ ಮಾಡ್ತೀನ್ರಿ. ಆದ್ರೂ ಅಂಜಿಕಿ ಹೋಗವಲ್ದು. ಪೂಜಿ ಹೆಚ್ಚ ಮಾಡಿದಂಗ ಅಂಜಿಕೀನೂ ಹೆಚ್ಚಾಗಾಕತ್ತೈತಿ. ಯಾಕ್ರಿ?" ಎಂದು ಶಿವಪುತ್ರ ಕೇಳಿದ.

ಗುರುಗಳು ಮಠದ ಪಡಸಾಲೆಯಲ್ಲಿ ಕೂತಿದ್ದರು. "ಯಾವುದರ ಅಂಜಿಕೆ?" ಎಂದರು.

"ಇಂಥಾದ್ದು ಅಂತ ಹೇಳಾಕ ಬರಂಗಿಲ್ರಿ. ಮನ್ಯಾಗ ಹೆಂಡತಿ ಮಕ್ಕಳು ಎಲ್ಲಾರೂ ನಿಶ್ಚಿಂತಿ ಅದಾರ. ನನಗೊಬ್ಬಗ ಅನ್ನ ಇಳಿಯವಲ್ದು."

ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡರು. ಆಮೇಲೆ ಹೇಳತೊಡಗಿದರು.

ಒಂದು ಕತೆ ಹೇಳುತ್ತೇನೆ, ಕೇಳು. ನಡುನಡುವೆ ತಲೆಯಾಡಿಸಬೇಡ. ಕೇಳದವರೇ ಹೆಚ್ಚು ತಲೆಯಾಡಿಸುತ್ತಾರೆ. ಇಷ್ಟು ವರ್ಷ ಪ್ರವಚನ ಮಾಡಿ ನಾನು ಕಲಿತದ್ದು ಅದೊಂದೇ.

ಒಬ್ಬ ಮೇಸ್ತ್ರಿ ಇದ್ದ. ಮನೆಯ ಹಿತ್ತಲಲ್ಲಿ ತಗಡಿನ ಚಪ್ಪರ ಹಾಕಿಕೊಂಡು ಎಂಜಿನ್ ರಿಪೇರಿ ಮಾಡುತ್ತಿದ್ದ. ಹೊಲದ ಪಂಪಿನ ಎಂಜಿನ್, ಗಿರಣಿಯ ಎಂಜಿನ್, ಯಾವುದು ಬಂದರೂ ಬಿಚ್ಚಿ ಸರಿಮಾಡುತ್ತಿದ್ದ. ಹೆಂಡತಿಯೂ ಜೊತೆಗೆ ಕೆಲಸಕ್ಕೆ ನಿಲ್ಲುತ್ತಿದ್ದಳು. ಅವನ ಕೈ ದೊಡ್ಡದು, ಅವಳ ಕೈ ಸಣ್ಣದು. ಎಂಜಿನ್ನಿನ ಸಂದಿಗೊಂದಿಗಳಲ್ಲಿ ಸಣ್ಣ ಕೈಗೇ ಹೆಚ್ಚು ಕೆಲಸ.

ಎಂಜಿನ್ ಬಿಚ್ಚುವುದಕ್ಕೆ ಬುದ್ಧಿ ಸಾಕು, ಎತ್ತುವುದಕ್ಕೆ ರಟ್ಟೆ ಬೇಕು. ಎತ್ತಬೇಕಾದಾಗಲೆಲ್ಲ ಮೇಸ್ತ್ರಿ ಓಣಿಯ ನಾಲ್ಕು ಜನರನ್ನು ಕರೆಯುತ್ತಿದ್ದ. ಅವರು ಬೊಂಬು, ಹಗ್ಗ ಹಿಡಿದು ಬರುತ್ತಿದ್ದರು. ಎತ್ತುವುದು ಒಂದು ಗಳಿಗೆ. ಆಮೇಲೆ ಚಹಾ ಕುಡಿದು, ಚುರುಮುರಿ ತಿಂದು, ಎಂಜಿನ್ ಹೇಗೆ ರಿಪೇರಿ ಮಾಡಬೇಕು ಎಂದು ಮೇಸ್ತ್ರಿಗೇ ಉಪದೇಶ ಮಾಡುವುದು ಒಂದು ತಾಸು. ಉಪದೇಶ ಕೇಳುವ ಕಷ್ಟ ನಿನಗೆ ಹೊಸತಲ್ಲ, ಪಾಪ.

ಒಂದು ದಿನ ನಾಲ್ವರೂ ಒಂದೇ ಮದುವೆಗೆ ಹೋದರು. ಎಂಜಿನ್ ಎತ್ತುವವರಿಲ್ಲದೆ ಅಲ್ಲೇ ಉಳಿಯಿತು. ಎಂಜಿನ್ನಿನ ಒಡೆಯ ಬಂದು ಬಾಯಿಗೆ ಬಂದಂತೆ ಬೈದು ಹೋದ. ಮೇಸ್ತ್ರಿಗೆ ರೋಷ ಬಂತು. ಮದುವೆ ಊಟ ಮುಗಿಸಿ ಬಂದವರ ಎದುರು, ಓಣಿಯೆಲ್ಲ ಕೇಳುವಂತೆ, "ಇನ್ನ ಮ್ಯಾಲ ನಿಮ್ಮನ್ನ ಕರಿಯೂ ಕೆಲಸಾನ ಇಲ್ಲ. ಎತ್ತೂ ಯಂತ್ರ ನಾನ ಮಾಡ್ಕೋತೀನಿ" ಎಂದ.

ಆಡಿದ್ದನ್ನು ಮಾಡಿಯೂ ಮಾಡಿದ. ಗುಜರಿಯಿಂದ ಕೊಳವೆಬಾವಿಯ ಹಳೆಯ ಪೈಪು ತಂದು ಎರಡು ಕಡೆಗೂ ಕಾಲು ನಿಲ್ಲಿಸಿದ. ಮೇಲೆ ಕಬ್ಬಿಣದ ಅಡ್ಡತೊಲೆ ಇಟ್ಟ. ತೊಲೆಗೆ ಸರಪಳಿಯ ಕಪ್ಪಿ ತೂಗುಹಾಕಿದ. ಸರಪಳಿಯ ಒಂದು ಕಡೆ ಎಳೆದರೆ ಭಾರ ಮೇಲೇರಬೇಕು, ಇನ್ನೊಂದು ಕಡೆ ಎಳೆದರೆ ಇಳಿಯಬೇಕು, ಕೈ ಬಿಟ್ಟರೆ ಅಲ್ಲೇ ನಿಲ್ಲಬೇಕು. ಒಬ್ಬನೇ ಸಾಕು.

ಒಂದೇ ಕೊರತೆ. ತೊಲೆಗೆ ಬೇಕಾದಷ್ಟು ಉದ್ದದ ತುಂಡು ಗುಜರಿಯಲ್ಲಿ ಸಿಗಲಿಲ್ಲ. ಎರಡು ಮೋಟು ತುಂಡು ಸಿಕ್ಕವು. ಅವನ್ನು ಒಂದೊಂದಾಗಿ ಮೇಲೇರಿಸಿ, ಅಲ್ಲೇ ನಡುವೆ ಬೆಸೆದು ಒಂದು ಮಾಡಿದ. ತೊಲೆಯ ನಡುವೆ ಬೆಸುಗೆ ಬರಬಾರದು, ಭಾರವೆಲ್ಲ ಬಂದು ಕೂರುವುದು ಅಲ್ಲೇ. ಮೇಸ್ತ್ರಿಗೆ ಇದು ಗೊತ್ತಿತ್ತು. ಆದರೆ ಉದ್ದದ ತುಂಡು ಸಿಗುವ ತನಕ ಕಾಯುವಷ್ಟು ತಾಳ್ಮೆ ಇರಲಿಲ್ಲ. ಓಣಿಯಲ್ಲಿ ಆಡಿದ ಮಾತು ಇನ್ನೂ ಬಿಸಿಯಾಗಿತ್ತು.

ಡ್ರಮ್ಮಿಗೆ ಹಸಿ ಮರಳು ತುಂಬಿ ತೂಗುಬಿಟ್ಟು ನೋಡಿದ. ತೊಲೆ ಬಾಗಲಿಲ್ಲ. ಎಂಜಿನ್ ಎತ್ತಿದ. ಆಗಲೂ ಬಾಗಲಿಲ್ಲ. ನಾಲ್ಕು ಜನ ಬಂದು ನೋಡಿ, ಭಲೇ ಎಂದು, ಚಹಾ ಕುಡಿಯದೆ ಹೋದರು. ಮೇಸ್ತ್ರಿಯ ಎದೆ ಉಬ್ಬಿತು. ಉಬ್ಬಬೇಕಾದದ್ದೇ, ಕೈಯಿಂದ ಮಾಡಿದ ಕೆಲಸ ಸಣ್ಣದಲ್ಲ.

ಅಂದಿನಿಂದ ಗಂಡ ಸರಪಳಿ ಹಿಡಿಯುತ್ತಿದ್ದ, ಹೆಂಡತಿ ಕೆಳಗೆ ಕೂರುತ್ತಿದ್ದಳು. ಎಂಜಿನ್ನನ್ನು ಅದರ ಅಡಿಕಟ್ಟಿನ, ಅಂದರೆ ಕೆಳಗಿನ ಕಬ್ಬಿಣದ ಚೌಕಟ್ಟಿನ ಮೇಲೆ ಇಳಿಸುವಾಗ ತೂತಿಗೆ ತೂತು ಕೂಡಬೇಕು, ಇಲ್ಲದಿದ್ದರೆ ಬೋಲ್ಟು ಹೋಗುವುದಿಲ್ಲ. ಅವಳು ತೂಗುವ ಎಂಜಿನ್ನಿನ ಅಡಿಗೆ ಕೈ ಹಾಕಿ, "ತುಸು ಇಳಸ್ರಿ, ತುಸು ತಡೀರಿ" ಎಂದು ಹೇಳಿ ಕೂಡಿಸುತ್ತಿದ್ದಳು. ಕೈಯನ್ನು ಮಾತ್ರ ಹಾಕುತ್ತಿದ್ದಳು. ಮೈಯೆಲ್ಲ ಹೊರಗೇ ಇರುತ್ತಿತ್ತು.

ಮಳೆಗಾಲ ಮುಗಿಯುವ ಹೊತ್ತಿಗೆ ಮೇಸ್ತ್ರಿ ತೊಲೆಯ ಬೆಸುಗೆಯ ಪಕ್ಕದಲ್ಲಿ ಒಂದು ಗೆರೆ ಕಂಡ. ಕೂದಲೆಳೆಯಷ್ಟು ಗೆರೆ. ಗೀಚಿದ್ದೂ ಇರಬಹುದು, ಬಿರುಕೂ ಇರಬಹುದು. ತೊಲೆ ಇಳಿಸಿ, ಉಜ್ಜಿ, ಸುತ್ತಿಗೆಯಿಂದ ತಟ್ಟಿ ನೋಡಿದರೆ ತಿಳಿಯುತ್ತಿತ್ತು. ಆದರೆ ತೊಲೆ ಇಳಿಸಲು ನಾಲ್ಕು ಜನ ಬೇಕು. ಯಾವ ನಾಲ್ಕು ಜನ ಎಂದು ನಿನಗೆ ಬಿಡಿಸಿ ಹೇಳಬೇಕಾಗಿಲ್ಲ. ಉಗುಳಲೂ ಆಗದ, ನುಂಗಲೂ ಆಗದ ಬಿಸಿ ತುಪ್ಪವಾಯಿತು ಅವನ ಪಾಡು. ದಿನಾ ಬೆಳಿಗ್ಗೆ ಏಣಿ ಹತ್ತಿ ಗೆರೆ ನೋಡುತ್ತಿದ್ದ. ನಿನ್ನೆಯಷ್ಟೇ ಇದೆ ಎಂದು ಸಮಾಧಾನ ಮಾಡಿಕೊಂಡು ಇಳಿಯುತ್ತಿದ್ದ. ಹೆಂಡತಿಗೆ ಹೇಳಲಿಲ್ಲ.

ಅಷ್ಟರಲ್ಲಿ ಮಾನವಮಿ ಬಂತು. ಕಬ್ಬಿಣ ಹಿಡಿದು ಬದುಕುವವರೆಲ್ಲ ಅಂದು ಖಂಡೆಪೂಜೆ, ಅಂದರೆ ಆಯುಧಪೂಜೆ ಮಾಡುತ್ತಾರೆ. ಮುನ್ನಾದಿನ ಮೇಸ್ತ್ರಿ ಎಲ್ಲ ಉಪಕರಣ ತೊಳೆದ. ಯಂತ್ರಕ್ಕೆ ಕೆಂಪು ಬಣ್ಣ ಹಚ್ಚತೊಡಗಿದ. ಕಾಲಿಗೆ ಹಚ್ಚಿದ, ತೊಲೆಗೆ ಹಚ್ಚಿದ, ಗೆರೆಯ ಹತ್ತಿರ ಬಂದಾಗ ಕುಂಚ ನಿಂತಿತು. ನಾಳೆ ಪೂಜೆ. ತೊಲೆ ಬಿಚ್ಚಿ ನೆಲಕ್ಕೆ ಹಾಕಿಕೊಂಡು ಪೂಜೆ ಮಾಡುವುದು ಶುಭವಲ್ಲ. ಪೂಜೆಯ ದಿನ ಕಬ್ಬಿಣಕ್ಕೆ ಪೆಟ್ಟು ಹಾಕುವಂತಿಲ್ಲ. ಹಬ್ಬ ಕಳೆಯಲಿ, ನೋಡೋಣ. ಹೀಗೆ ಅಂದುಕೊಂಡು ಗೆರೆಯ ಮೇಲೂ ಬಣ್ಣ ಎಳೆದ. ಒಂದು ಕೈ ಅಲ್ಲ, ಎರಡು ಕೈ ಬಳಿದ.

ಮರುದಿನ ಹೆಂಡತಿ ಮಡಿಯುಟ್ಟು ಬಂದಳು. ತೊಲೆಯ ನಟ್ಟನಡುವೆ, ಸರಿಯಾಗಿ ಅದೇ ಜಾಗದಲ್ಲಿ, ಮೂರು ಬೆರಳಿನಿಂದ ವಿಭೂತಿ ಎಳೆದು ಕುಂಕುಮ ಇಟ್ಟಳು. ಹೂವಿನ ಸರ ಹಾಕಿ ಕೈ ಮುಗಿದಳು. ಮೇಸ್ತ್ರಿಯೂ ಮುಗಿದ.

ಹಬ್ಬ ಕಳೆಯಿತು. ಈಗ ಆ ಬಣ್ಣ ಕೆರೆಯಬೇಕಾದರೆ ವಿಭೂತಿಯನ್ನೂ ಕೆರೆಯಬೇಕು. ದೇವರ ಗುರುತಿನ ಮೇಲೆ ಉಳಿ ಇಡುವುದು ಹೇಗೆ? ಮೇಸ್ತ್ರಿಗೆ ಒಳ್ಳೆಯ ನೆಪ ಸಿಕ್ಕಿತು.

ನೆಪ ಸಿಕ್ಕಿತು, ನೆಮ್ಮದಿ ಹೋಯಿತು. ಗೆರೆ ಕಾಣುತ್ತಿದ್ದಾಗ ಅದು ಒಂದು ಜಾಗದಲ್ಲಿತ್ತು. ಬಣ್ಣ ಬಳಿದ ಮೇಲೆ ತೊಲೆಯ ತುಂಬ ಹರಡಿತು. ಬೆಳಿಗ್ಗೆ ಏಣಿ ಹತ್ತಿದರೆ ಕಾಣುವುದು ಬರೀ ಕೆಂಪು. ನಿನ್ನೆಯಷ್ಟೇ ಇದೆ ಎಂದುಕೊಳ್ಳಲೂ ಏನೂ ಇಲ್ಲ. ಊಟಕ್ಕೆ ಕೂತಾಗ ಒಳಗೆ ತಾಟು ಬಿದ್ದರೆ ಎದ್ದು ಹಿತ್ತಲಿಗೆ ಓಡುತ್ತಿದ್ದ. "ಬಿತ್ತು" ಎಂದು ಯಾರು ಯಾವುದಕ್ಕೆ ಹೇಳಿದರೂ ಅವನ ಎದೆ ಧಸಕ್ಕೆನ್ನುತ್ತಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಹಾಗೆ.

ತೊಲೆಗೆ ಲಿಂಬೆಹಣ್ಣು ಕಟ್ಟಿದ. ಸಾಲದೆಂದು ಇನ್ನೊಂದು ಕಟ್ಟಿದ. ಮೆಣಸಿನಕಾಯಿ ಪೋಣಿಸಿದ, ಕರಿದಾರ ಸುತ್ತಿದ, ಪ್ರತಿ ಸೋಮವಾರ ಕಾಯಿ ಒಡೆದ. ಹೆಂಡತಿ ನಕ್ಕು, "ಇದೇನ್ ಎಂಜಿನ್ ಎತ್ತೂದೋ, ಕೂಸಿನ ತೊಟ್ಟಲೋ?" ಎಂದಳು. ಅವನಿಗೆ ನಗು ಬರಲಿಲ್ಲ. ಇನ್ನೊಂದು ವಿಷಯ ಅವನ ನಿದ್ದೆ ಕೆಡಿಸಿತ್ತು. ಹಬ್ಬದ ನಂತರ ಹೆಂಡತಿ ಕೈಯನ್ನಷ್ಟೇ ಅಲ್ಲ, ತಲೆಯನ್ನೂ ಎಂಜಿನ್ನಿನ ಅಡಿಗೆ ಹಾಕಿ ಕೂರತೊಡಗಿದ್ದಳು. ಯಾಕೆ ಎಂದು ಕೇಳುವ ಧೈರ್ಯ ಅವನಿಗೆ ಇರಲಿಲ್ಲ. ಕೇಳಿದರೆ ಹೇಳಬೇಕಾಗುತ್ತದಲ್ಲ.

ಹೀಗಿರುವಾಗ ಒಂದು ಗಿರಣಿಯ ಎಂಜಿನ್ ಬಂತು. ಆ ತೊಲೆ ಅಷ್ಟು ಭಾರವನ್ನು ಹಿಂದೆ ಎಂದೂ ಹೊತ್ತಿರಲಿಲ್ಲ. ಗಿರಣಿ ನಿಂತು ಓಣಿಯ ಜನ ಹಿಟ್ಟಿಗೆ ಪರದಾಡುತ್ತಿದ್ದರು. ಗಿರಣಿಯವನು ಅವಸರ ಮಾಡುತ್ತ ಎದುರಿಗೇ ನಿಂತಿದ್ದ. ಕೆಲಸ ಮುಗಿಸಿ ಮೇಸ್ತ್ರಿ ಎಂಜಿನ್ ಎತ್ತಿದ. ಅಡಿಕಟ್ಟನ್ನು ಅದರ ಕೆಳಗೆ ಸರಿಸಿದರು. ಹೆಂಡತಿ ಕೆಳಗೆ ಕೂತು ಎರಡೂ ಕೈ ಹಾಕಿದಳು, ತಲೆ ಹಾಕಿದಳು, ಭುಜವನ್ನೂ ಹಾಕಿದಳು.

ಮೂರು ಬೋಲ್ಟು ಕೂಡಿದವು. ನಾಲ್ಕನೆಯದು ಕೂಡಲಿಲ್ಲ. "ತುಸು ತಡೀರಿ" ಎಂದಳು. ಮೇಸ್ತ್ರಿ ಸರಪಳಿ ಹಿಡಿದು ನಿಂತ. ಆಗ ಎಲ್ಲೋ ಮೇಲೆ 'ಟಿಕ್' ಎಂದಿತು. ಬಿಸಿಲಿಗೆ ತಗಡು ಸದ್ದು ಮಾಡಿತೋ, ತೊಲೆಯೇ ಸದ್ದು ಮಾಡಿತೋ ತಿಳಿಯಲಿಲ್ಲ. ಇಳಿಸುವಂತಿಲ್ಲ, ಅಡಿಯಲ್ಲಿ ಹೆಂಡತಿ ಇದ್ದಾಳೆ. ಎತ್ತುವಂತಿಲ್ಲ, ತೊಲೆಯನ್ನು ಇನ್ನಷ್ಟು ಜಗ್ಗಿದಂತಾಗುತ್ತದೆ.

"ಹೊರಗ ಬಾ. ಚಹಾ ಮಾಡು" ಎಂದ.

ನೋಡು, ಆ ಗಳಿಗೆಯಲ್ಲೂ ಬಾಯಿ ಬಣ್ಣವನ್ನೇ ಬಳಿಯಿತು.

"ಈಗ ಎಂಥಾ ಚಹಾ ರೀ? ಒಂದ ಬೋಲ್ಟ್ ಉಳದೈತಿ" ಎಂದು ಅವಳು ಇನ್ನಷ್ಟು ಒಳಗೆ ಸರಿದಳು. ಗಿರಣಿಯವನು ನಕ್ಕ.

ಮೇಸ್ತ್ರಿ ತೊಲೆಯತ್ತ ಕಣ್ಣೆತ್ತಿದ. ಓಣಿ ನೆನಪಾಯಿತು, ಆಡಿದ ಮಾತು ನೆನಪಾಯಿತು. ಆಮೇಲೆ ಅದ್ಯಾವುದೂ ನೆನಪಾಗಲಿಲ್ಲ. ಕೆಳಗೆ ಹೆಂಡತಿಯ ಪಾದ ಮಾತ್ರ ಕಾಣುತ್ತಿತ್ತು.

"ಹೊರಗ ಬಾ ಮೊದ್ಲ!" ಎಂದು ಚೀರಿದ. "ತೊಲಿ ಬಿರುಕ ಬಿಟ್ಟೈತೇನೋ ಅಂತ ನನಗ ಸಂಶೇ ಐತಿ. ಮಾನೌಮಿಗಿಂತ ಮೊದಲಿಂದ ಐತಿ. ಬಣ್ಣ ಹಚ್ಚಿ ಮುಚ್ಚೀನಿ."

ಗಿರಣಿಯವನ ನಗು ನಿಂತಿತು. ಅವಳು ಮೊದಲು ಭುಜ ತೆಗೆದಳು, ತಲೆ ತೆಗೆದಳು, ಒಂದೊಂದೇ ಕೈ ತೆಗೆದಳು. ಎದ್ದು ಈಚೆ ಬಂದಳು. ಇಬ್ಬರು ಗಂಡಸರೂ ಕೂಡಿ ದಪ್ಪ ಕಟ್ಟಿಗೆಯ ದಿಮ್ಮಿಗಳನ್ನು ಎಂಜಿನ್ನಿನ ಅಡಿಗೆ ತಳ್ಳಿದರು. ಮೇಸ್ತ್ರಿ ಮೆಲ್ಲಗೆ ಇಳಿಸಿದ, ಭಾರ ಅವುಗಳ ಮೇಲೆ ಕೂತಿತು. ಸರಪಳಿ ಸಡಿಲಾಯಿತು. ಮೇಸ್ತ್ರಿ ನೆಲದ ಮೇಲೆ ಕೂತ.

ಹೆಂಡತಿ ಕೈಯ ಎಣ್ಣೆಯನ್ನು ಅರಿವೆಗೆ ಒರೆಸಿಕೊಂಡಳು. ತೊಲೆಯನ್ನು ನೋಡಿದಳು, ಗಂಡನನ್ನು ನೋಡಿದಳು. ಬೈಯುತ್ತಾಳೆ ಎಂದು ಅವನು ಕಾದ. ಅವಳು ಬೈಯಲಿಲ್ಲ.

"ಆ ಗೆರಿ ನಾನೂ ಏಣಿ ಹತ್ತಿ ನೋಡಿದ್ನಿರಿ, ಹಬ್ಬಕ್ಕಿಂತ ಮುಂಚೆ" ಎಂದಳು. "ನನಗೂ ಅಂಜಿಕಿ ಬಂದಿತ್ತು. ಅದಕ್ಕ ಮೊದಲಿನಂಗ ಬರೇ ಕೈ ಹಾಕತಿದ್ದೆ. ನಿಮ್ಮನ್ನ ಕೇಳಬೇಕು ಅನ್ನೂದ್ರಾಗ ನೀವು ಬಣ್ಣ ಹಚ್ಚಿದ್ರಿ. ಸರಿ ಮಾಡೇ ಹಚ್ಚ್ಯಾರ ಅಂದ್ಕೊಂಡೆ. ಅವತ್ತಿನಿಂದ ನಿಶ್ಚಿಂತಿ ತಲೀನೂ ಹಾಕಿ ಕುಂದ್ರಾಕ ಹತ್ತಿದೆ."

ಮೇಸ್ತ್ರಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಆ ಬಣ್ಣ ಅವನಿಗೆ ಒಂದು ದಿನವೂ ಧೈರ್ಯ ಕೊಟ್ಟಿರಲಿಲ್ಲ. ಅವಳಿಗೆ ಕೊಟ್ಟಿತ್ತು.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

ಶಿವಪುತ್ರ ಮುಂದಕ್ಕೆ ಬಾಗಿ ಕೂತಿದ್ದ. ತಡೆಯಲಾರದೆ, "ಅಜ್ಜಾರ, ಬಣ್ಣ ಕೆರದ್ರೇನ್ರಿ? ಆ ಗೆರಿ ಖರೇನ ಬಿರುಕಾಗಿತ್ತೇನ್ರಿ?" ಎಂದು ಕೇಳಿದ.

"ಅದನ್ನು ಬಿಡು, ಶಿವಪುತ್ರ; ನೀನು ಬಳಿದ ಬಣ್ಣವನ್ನು ನಂಬಿ ಅದರ ಕೆಳಗೆ ಯಾರು ಕೂತಿದ್ದಾರೆ?"