ದೊರೆಯ ಮೂರನೇ ಬಟ್ಟಲು

ಅಳಿವೆಕೋಟೆಯ ದೊರೆ ಡಂಗುರ ಸಾರಿಸಿದ: “ಕಡಲ ಹುಳಗಳ ಮೇಲೆ ದೊರೆಗಳು ಮೂರು ಒಗಟು ಒಡ್ಡುತ್ತಾರೆ. ಬಿಡಿಸಿದವರಿಗೆ ಬೇಡಿದ್ದು. ತಪ್ಪಿದವರ ತಲೆ ಕೋಟೆ ಬಾಗಿಲಿಗೆ.”

ಹುಳಕ್ಕೂ ತಲೆಗೂ ಎಲ್ಲಿಯ ಸಂಬಂಧ ಅಂತೀರಾ? ದೊರೆಗೆ ಹುಳದ ಹುಚ್ಚು ಕಣ್ರಪ್ಪ. ಮೈತುಂಬ ಬಿರುಗೂದಲಿರುವ ಕಡಲ ಹುಳಗಳನ್ನೆಲ್ಲ ಹಿಡಿಸಿ, ಲಕ್ಷಣ ಬರೆಸಿ, ಹೊತ್ತಗೆ ಮಾಡಿಸುತ್ತಿದ್ದ. ಅದರಲ್ಲಿ ಒಂದು ಸುಳ್ಳೂ ಸೇರಬಾರದು ಅಂತ ಹಟ. ಹುಚ್ಚು ಅವನದು, ತಲೆ ಹೋದದ್ದು ಮಂದಿಯದು.

ಬಾಗಿಲ ಮೇಲಿನ ತಲೆಗಳಲ್ಲಿ ಒಂದು ಹೊನ್ನನ ಅಣ್ಣ ಜಟ್ಟಿಯದು. ನೀರಿಳಿದಾಗ ಕೆಸರು ಬಗೆದು, ಗಾಳಕ್ಕೆ ಚುಚ್ಚುವ ಹುಳ ತೆಗೆದು ಮಾರುವುದು ಈ ಅಣ್ಣತಮ್ಮಂದಿರ ಕಸುಬು. ಮಗನ ತಲೆ ಮಣ್ಣಾಗುವ ತನಕ ಒಲೆ ಹಚ್ಚುವುದಿಲ್ಲವೆಂದು ತಾಯಿ ಮಂಕಾಳಿ ಕೂತುಬಿಟ್ಟಿದ್ದಳು. ನಾಲ್ಕನೇ ದಿನ ಹೊನ್ನ ಎದ್ದು ಹೊರಟ.

“ನೀನೂ ಹೋದರೆ ನನಗ್ಯಾರೋ ಮಗಾ?” ಅಂದಳು. ಅವನು ತಿರುಗಿ ನೋಡಲಿಲ್ಲ.

ಅರಮನೆಯಲ್ಲಿ ಒಗಟಿಗೊಂದರಂತೆ ಮೂರು ಬಟ್ಟಲಲ್ಲಿ ಹುಳ ಇಟ್ಟಿದ್ದರು. ಅವನ ಕಣ್ಣೆದುರೇ ಒಬ್ಬ ಪಂಡಿತ ಮೂರನೇ ಬಟ್ಟಲಿನ ಹುಳಕ್ಕೆ “ರಕ್ತಸೂತ್ರ” ಅಂತ ಹೆಸರು ಹೇಳಿದ. ಭಟರು ಎಳೆದೊಯ್ದರು. ಹೊನ್ನ ಮುಂದೆ ಬಂದು, ತಾನು ಜಟ್ಟಿಯ ತಮ್ಮ ಅಂದ.

“ಕೈಯಿಲ್ಲದೆ ಮನೆ ಕಟ್ಟುತ್ತಾನೆ, ಹೊಸಿಲು ದಾಟುವುದಿಲ್ಲ, ನೀರೇರಿದರೆ ಹೂ ಮುಡಿಯುತ್ತಾನೆ. ಯಾರು?” ಅಂದ ದೊರೆ.

“ಕೊಳವೆಹುಳ, ಒಡೆಯಾ. ಮರಳು ಅಂಟಿಸಿ ಕೊಳವೆ ಕಟ್ಟಿ ಒಳಗೇ ಇರ್ತದೆ. ಉಬ್ಬರ ಬಂದರೆ ಉಣ್ಣಲಿಕ್ಕೆ ತಲೆಯ ಗರಿ ಬಿಚ್ತದೆ.”

ಎರಡನೇ ಬಟ್ಟಲಲ್ಲಿ ಎರಡು ಹುಳ. “ಒಂದೇ ಬಣ್ಣ, ಒಂದೇ ಉದ್ದ. ಒಡಹುಟ್ಟಿದವರೋ, ನೆರೆಮನೆಯವರೋ?”

ಹೊನ್ನ ಒಂದೊಂದನ್ನೇ ಮುಂಗೈ ಮೇಲಿಟ್ಟು ಹಿಂದಕ್ಕೆ ಎಳೆದ. ಒಂದು ಜಾರಿತು, ಇನ್ನೊಂದು ಚರ್ಮಕ್ಕೆ ಕಚ್ಚಿಕೊಂಡಿತು. “ನೆರೆಮನೆಯವರು, ಒಡೆಯಾ. ಇದರ ಕೂದಲು ನೆಟ್ಟಗಿದೆ, ಇದರದ್ದಕ್ಕೆ ತುದಿಯಲ್ಲಿ ಕೊಕ್ಕೆ. ಕಣ್ಣಿಗೆ ಕಾಣದು, ಕೈಗೆ ತಿಳೀತದೆ.”

ದೊರೆ ಮೂರನೇ ಬಟ್ಟಲು ಮುಂದೆ ಸರಿಸಿದ. “ಬೆನ್ನಿಗೆ ಒಡವೆ ತೊಟ್ಟಿದ್ದಾನೆ, ನನ್ನ ನೀರಿನ ಪ್ರಜೆ. ಏನೆಂದು ಕೂಗಲಿ? ನಿನ್ನ ಅಣ್ಣ ಕೆಂಪುಹುಳ ಅಂದ.”

ಹೊನ್ನ ಬಟ್ಟಲಿಗೆ ಬಗ್ಗಿ ನೋಡಿದ. ಹೆಸರಿಲ್ಲದ ಹುಳವನ್ನು ಮೀನುಗಾರರು ಕೊಳ್ಳುವುದಿಲ್ಲ. ಅದಕ್ಕೇ ಹೊಸದು ಸಿಕ್ಕರೆ ಹಳೆಯ ಹೆಸರು ಹೇಳಿ ದಾಟಿಸುವುದು ಈ ಅಣ್ಣತಮ್ಮಂದಿರ ರೂಢಿ. ಆ ಉಪಾಯ ಅಣ್ಣನಿಗೆ ಹೇಳಿಕೊಟ್ಟವನು ಹೊನ್ನನೇ. ಅಯ್ಯೋ, ಅದೇ ಬಾಯಿಗೆ ಬಂದಿದೆ ಪಾಪದವನಿಗೆ.

“ಇದಕ್ಕೆ ಹೆಸರಿಲ್ಲ, ಒಡೆಯಾ. ಕೆಂಪುಹುಳದ ಬೆನ್ನು ಬರಿದು. ಇದಕ್ಕೆ ಮೀನಿನ ಹುರುಪೆಯಂಥ ಬಿಲ್ಲೆ, ಹನ್ನೆರಡು ಜೋಡಿ. ಇಂಥದ್ದನ್ನು ನಾನು ಕಂಡಿಲ್ಲ. ನನ್ನ ಅಣ್ಣನೂ ಕಂಡಿರಲಿಲ್ಲ.” ಹೇಳುವಷ್ಟರಲ್ಲಿ ಅವನು ಬಿಕ್ಕುತ್ತಿದ್ದ.

“ಗೆದ್ದೆ. ಕಾಣದ್ದನ್ನು ಕಂಡಿಲ್ಲ ಅಂದವನು ನೀನೊಬ್ಬನೇ,” ಅಂದ ದೊರೆ. “ಹೆಸರು ನೀನೇ ಇಡು. ಏನು ಬೇಕೋ ಕೇಳು, ಅರ್ಧ ರಾಜ್ಯ ಕೇಳಿದರೂ ಸರಿ.”

“ಜಟ್ಟಿಹುಳ ಅಂತ ಬರೆಸಿ. ಬಾಗಿಲ ಮೇಲಿನ ಅಣ್ಣನ ತಲೆ ಇಳಿಸಿಕೊಡಿ.”

ದೊರೆ ಹೊತ್ತಗೆಯಲ್ಲಿ ಹೆಸರು ಬರೆಸಿದ, ತಲೆಯನ್ನೂ ಇಳಿಸಿಕೊಟ್ಟ.

ಮಣ್ಣು ಮಾಡಿ ಬಂದು ಮಂಕಾಳಿ ಒಲೆ ಹಚ್ಚಿದಳು. ಹುಳಕ್ಕೆ ಅಣ್ಣನ ಹೆಸರಿಟ್ಟ ಸಂಗತಿಯನ್ನು ಹೊನ್ನ ಹೇಳಿದ. ಅವಳು ಒಲೆಗೆ ಸೌದೆ ಒಡ್ಡುತ್ತ ಕೇಳಿದಳು, “ಅಂಥವು ಇನ್ನೂ ಇವೆಯೋ?”

“ಕೆಸರೊಳಗೆ ಇರಬಹುದು, ಅವ್ವಾ.”

“ಸಿಕ್ಕರೆ ಗಾಳಕ್ಕೆ ಕೊಡಬೇಡ,” ಅಂದಳು. ಆ ತೀರದಲ್ಲಿ ಇವತ್ತಿಗೂ ಯಾರೂ ಕೊಡುವುದಿಲ್ಲ.