ಮೀಟರ್ ಇಳಿದ ಸಂಜೆ

“ಮೊದಲೇ ಹೇಳಿಬಿಡುತ್ತೇನೆ, ನನಗೆ ಕತೆ ಹೇಳಲು ಬರುವುದಿಲ್ಲ. ಅಲ್ಲಲ್ಲಿ ಎಡವುತ್ತೇನೆ. ಬೇಸರ ಮಾಡಿಕೊಳ್ಳಬೇಡ,” ಎಂದರು ಗುರುಗಳು.

ಇಂದುಧರ ಕೇಳಿದ್ದು ಕತೆಯನ್ನಲ್ಲ. “ಗುರುಗಳೇ, ನನ್ನ ಹಳೆಯ ಗೇಮಿಂಗ್ ಕಂಪ್ಯೂಟರಿಗೆ ಮೆಮೊರಿ ಹೆಚ್ಚಿಸಲೋ, ಹಾಗೇ ಬಿಡಲೋ?” ಎಂದು ಕೇಳಿದ್ದ.

ಗುರುಗಳು ಎಂದರೆ ಚಿದಾನಂದಯ್ಯನವರು. ಚಿತ್ರದುರ್ಗದಲ್ಲಿ ತಮ್ಮ ಮನೆಯ ಮುಂದಿನ ಕೋಣೆಯಲ್ಲೇ ಕಂಪ್ಯೂಟರ್ ರಿಪೇರಿ ಕಲಿಸುತ್ತಿದ್ದರು. ಇಂದುಧರ ಅವರ ಬಳಿ ಮೂರು ವರ್ಷ ಕಲಿತಿದ್ದ. ಬೇರೆಯವರ ಯಂತ್ರವಾಗಿದ್ದರೆ ಅವನೇ ಅರ್ಧ ನಿಮಿಷದಲ್ಲಿ ಉತ್ತರ ಹೇಳುತ್ತಿದ್ದ. ತನ್ನದರ ವಿಷಯಕ್ಕೆ ಬಂದಾಗ ಮಾತ್ರ ಅವನಿಗೆ ಏನೂ ಹೊಳೆಯುತ್ತಿರಲಿಲ್ಲ.

ಅವನ ಅಕ್ಕ ಸುಮಂಗಲಾ ಮದುವೆಯಾಗಿ ಬೀದರಿನಲ್ಲಿದ್ದಳು. ದಿನಾ ಸಂಜೆ ಏಳಕ್ಕೆ ಅವಳು ಅಲ್ಲಿಂದ, ಇವನು ಇಲ್ಲಿಂದ, ಒಂದೇ ಆಟದೊಳಗೆ ಸೇರುತ್ತಿದ್ದರು. ಅವರಿಬ್ಬರಿಗೂ ಬಿಡುವಾಗಿ ಸಿಗುತ್ತಿದ್ದುದು ಆ ಒಂದು ಗಂಟೆ ಮಾತ್ರ. ಈಗ ಒಂಬತ್ತು ವರ್ಷದ ಆ ಕಂಪ್ಯೂಟರ್ ಆಟದ ನಡುವೆ ನಿಂತು ನಿಂತು ಓಡುತ್ತಿತ್ತು. ಮೆಮೊರಿ ಹಾಕಿಸದೆ ಬಿಟ್ಟರೆ ಆ ಗಂಟೆಯೇ ತಪ್ಪಿಹೋಗಬಹುದು. ಹಾಕಿಸಿದ ಮೇಲೆ ಕಂಪ್ಯೂಟರೇ ಕೈಕೊಟ್ಟರೆ, ಆ ಹಳೆಯ ಬಗೆಯ ಮೆಮೊರಿ ಹೊಸ ಕಂಪ್ಯೂಟರಿಗೆ ಹೊಂದುವುದೂ ಇಲ್ಲ, ಹಣ ದಂಡ. ಹೀಗಾಗಿ ಅವನು ಮೂರು ವಾರದಿಂದ ಮೆಮೊರಿ ಎಷ್ಟು ತುಂಬುತ್ತದೆ ಎಂದು ದಿನಾ ನೋಡಿ, ಬರೆದಿಟ್ಟುಕೊಂಡು, ಆ ಹಾಳೆಯೊಡನೆ ಬಂದಿದ್ದ.

ಗುರುಗಳು ಹಾಳೆಯನ್ನು ನೋಡಿ ಮಡಚಿಟ್ಟರು.

“ಒಂದು ಊರಿನಲ್ಲಿ ಒಬ್ಬ ಆಟಗಾರನಿದ್ದ. ಆಟಗಾರ ಎಂದರೆ ಬಯಲಿನಲ್ಲಿ ಆಡುವವನಲ್ಲ, ನಿನ್ನ ಹಾಗೆ ಕಂಪ್ಯೂಟರಿನಲ್ಲಿ ಆಡುವವನು. ಅವನ ಕಂಪ್ಯೂಟರ್ ಹಳೆಯದು. ಅದರಲ್ಲಿ ಮೆಮೊರಿ ಕಡಿಮೆ. ಮೆಮೊರಿ ಎಂದರೆ ಹಳೆಯದನ್ನು ಕೂಡಿಡುವ ಜಾಗವಲ್ಲ. ಕೆಲಸ ಮಾಡುವಾಗ ಸಾಮಾನು ಹರಡಿಕೊಳ್ಳುವ ಮೇಜು ಎಂದುಕೋ. ಮೇಜು ಚಿಕ್ಕದಾದರೆ…”

“ಅದು ಗೊತ್ತು ಗುರುಗಳೇ. ನೀವೇ ಕಲಿಸಿದ್ದು.”

“ಗೊತ್ತಿದ್ದರೂ ಕೇಳು ಮಾರಾಯ. ಒಂದನ್ನು ಬಿಟ್ಟು ಮುಂದೆ ಹೋದರೆ ನನಗೆ ದಾರಿ ತಪ್ಪುತ್ತದೆ.”

ಇಂದುಧರ ನಕ್ಕ. ಗುರುಗಳು ಮತ್ತೆ ಶುರುಮಾಡಿದರು.

“ಅವನ ಆಟದೊಳಗೆ ಒಂದು ಕೆರೆ ಇತ್ತು. ಅಲ್ಲಿ ಗೆಲ್ಲುವುದೂ ಇಲ್ಲ, ಸೋಲುವುದೂ ಇಲ್ಲ. ದಡದಲ್ಲಿ ತೋಟ ಮಾಡಬೇಕು, ದೋಣಿಯಲ್ಲಿ ತೇಲಬೇಕು, ಅಷ್ಟೇ. ಇದೂ ಒಂದು ಆಟವೇ ಎಂದು ನೀನು ಕೇಳುವುದಿಲ್ಲ, ಬೇರೆಯವರು ಕೇಳುತ್ತಾರೆ. ದೂರದ ಊರಿನ ಒಬ್ಬ ಗೆಳೆಯ ದಿನಾ ಸಂಜೆ ಆ ಕೆರೆಗೆ ಬರುತ್ತಿದ್ದ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದವರಲ್ಲ. ಗೆಳೆಯನ ತೋಟ ಆಚೆಯ ದಡದಲ್ಲಿತ್ತು. ಗೆಳೆಯ ಬಂದರೆ ಅವನ ತೋಟ ತೆರೆದುಕೊಳ್ಳುತ್ತಿತ್ತು. ಅವನ ಮರ, ಅವನ ಹಕ್ಕಿ, ಅವನು ಹಚ್ಚಿಟ್ಟ ದೀಪಗಳು, ಎಲ್ಲ ಕಾಣುತ್ತಿದ್ದವು. ಅವನು ಹೋದರೆ ಅವೂ ಹೋಗುತ್ತಿದ್ದವು. ಇದನ್ನು ಗಟ್ಟಿಯಾಗಿ ಹಿಡಿದುಕೋ, ಮುಂದೆ ಬೇಕಾಗುತ್ತದೆ. ಹೀಗೆ ಮೊದಲೇ ಹೇಳಬಾರದೋ ಏನೋ.

“ಒಂದು ಸಂಜೆ ಗೆಳೆಯ ದೋಣಿಯಿಂದ ದಡಕ್ಕೆ ಕಾಲಿಡುತ್ತಿದ್ದ. ಕಂಪ್ಯೂಟರ್ ನಿಂತುಬಿಟ್ಟಿತು. ಗೆಳೆಯನ ಕಾಲು ಗಾಳಿಯಲ್ಲೇ ಉಳಿಯಿತು. ನೀರು ನಿಂತಿತು. ಒಂದು ಬೆಳ್ಳಕ್ಕಿ ಮರಕ್ಕೂ ಆಕಾಶಕ್ಕೂ ನಡುವೆ ನಿಂತಿತು. ಎಷ್ಟೋ ಹೊತ್ತಿನ ಮೇಲೆ ಕಾಲು ನೆಲ ಮುಟ್ಟಿತು. ‘ಎಲ್ಲಿಗೆ ಹೋಗಿದ್ದೆ?’ ಎಂದು ಆಟಗಾರ ಕೇಳಿದ. ‘ನಾನೆಲ್ಲಿಗೂ ಹೋಗಿಲ್ಲ ಕಣೋ, ನೀನೇ ನಿಂತುಹೋದೆ,’ ಎಂದ ಗೆಳೆಯ.

“ಮರುದಿನ ಆಟಗಾರ ಒಬ್ಬ ಅಂಗಡಿಯವನ ಬಳಿ ಹೋದ. ಅಂಗಡಿಯವ ಒಳ್ಳೆಯವನು. ಅವಸರದಲ್ಲಿ ಮಾರಲಿಲ್ಲ. ಪರದೆಯ ಮೂಲೆಯಲ್ಲಿ ಮೆಮೊರಿ ನೂರಕ್ಕೆ ಎಷ್ಟು ತುಂಬಿದೆ ಎಂದು ತೋರಿಸುವ ಒಂದು ಮೀಟರ್ ಇಟ್ಟುಕೋ, ಅದು ನೂರು ಮುಟ್ಟಿದರೆ ಬಾ, ಹಾಕಿಕೊಡುತ್ತೇನೆ, ಮುಟ್ಟದಿದ್ದರೆ ಬೇಡ ಎಂದು ಹೇಳಿ ಕಳಿಸಿದ. ನಾನಾದರೂ ಅದನ್ನೇ ಹೇಳುತ್ತಿದ್ದೆ.

“ಆಟಗಾರ ಮೀಟರ್ ಇಟ್ಟುಕೊಂಡ. ಸಂಜೆ ಗೆಳೆಯ ಬಂದ. ‘ಇಲ್ಲಿ ನೋಡೋ, ದೀಪಗಳು ನೀರಿನೊಳಗೆ ನಡೆದುಕೊಂಡು ಹೋಗುತ್ತಿವೆ,’ ಎಂದ. ‘ಎಂಬತ್ತೇಳು,’ ಎಂದ ಆಟಗಾರ. ‘ಏನು ಎಂಬತ್ತೇಳು?’ ‘ಏನಿಲ್ಲ, ನೀನು ಹೇಳು.’

“ಒಂದು ವಾರ ಕಳೆಯಿತು. ಮೀಟರ್ ತೊಂಬತ್ತಮೂರಕ್ಕೆ ಹೋಯಿತು, ತೊಂಬತ್ತೈದಕ್ಕೆ ಹೋಯಿತು, ನೂರು ಮುಟ್ಟಲಿಲ್ಲ. ಮುಟ್ಟಿದ್ದರೆ ಹಾಕಿಸುತ್ತಿದ್ದ. ಕೆಳಗಿದ್ದಿದ್ದರೆ ಮರೆತುಬಿಡುತ್ತಿದ್ದ. ನಡುವೆ ತೂಗುತ್ತಿದ್ದುದರಿಂದ ಎರಡೂ ಆಗಲಿಲ್ಲ. ಇನ್ನೊಂದು ವಾರ ನೋಡೋಣ ಎಂದುಕೊಂಡ. ಹೀಗೆ ಒಂದು ತಿಂಗಳಾಯಿತು. ‘ಇಲ್ಲಿ ನೋಡು’ ಎನ್ನುವುದನ್ನು ಗೆಳೆಯ ಮೊದಲು ಕಡಿಮೆ ಮಾಡಿದ, ಆಮೇಲೆ ಬಿಟ್ಟೇಬಿಟ್ಟ. ದೋಣಿ ಹೋಗುತ್ತಿತ್ತು. ಒಬ್ಬ ನೀರನ್ನು ನೋಡುತ್ತಿದ್ದ, ಇನ್ನೊಬ್ಬ ಮೂಲೆಯನ್ನು ನೋಡುತ್ತಿದ್ದ.

“ಒಂದು ಸಂಜೆ ಮೀಟರ್ ಅರವತ್ತೊಂದಕ್ಕೆ ಇಳಿಯಿತು.”

ಗುರುಗಳು ಮಾತು ತಡೆದರು. ಇದನ್ನು ಬಿಡಿಸಿ ಹೇಳಲೋ ಬೇಡವೋ ಎಂದು ಅವರು ಯೋಚಿಸುತ್ತಿರುವುದು ಇಂದುಧರನಿಗೆ ಕಂಡಿತು. ಆ ಹೊತ್ತಿಗೆ ಅವನ ಕಣ್ಣಿಗೆ ಕೋಣೆ ಮಸುಕಾಗಿತ್ತು. ಅವನು ಆ ದೋಣಿಯಲ್ಲೇ ಕೂತಿದ್ದ. ನೀರು ಮೆಲ್ಲಗೆ ಹಿಂದೆ ಹಿಂದೆ ಸರಿಯುತ್ತಿತ್ತು.

“ಆಟಗಾರನಿಗೆ ಎಲ್ಲಿಲ್ಲದ ಖುಷಿ. ಎದ್ದವನೇ ಅಂಗಡಿಗೆ ಓಡಿದ. ‘ಮೆಮೊರಿ ಬೇಡವೇ ಬೇಡ, ಯಂತ್ರ ತಾನೇ ಸರಿಹೋಯಿತು!’ ಎಂದ. ‘ಅದು ತಾನೇ ಸರಿಹೋಗುವ ವಸ್ತುವಲ್ಲ. ಏನನ್ನು ಮುಚ್ಚಿಟ್ಟು ಬಂದೆ?’ ಎಂದ ಅಂಗಡಿಯವ. ‘ಏನನ್ನೂ ಮುಚ್ಚಿಲ್ಲ. ಎಲ್ಲ ಇದ್ದ ಹಾಗೇ ಇದೆ.’ ‘ಹಾಗಾದರೆ ಯಾವುದೋ ಒಂದು ಹೋಗಿರಬೇಕು. ಮನೆಗೆ ಹೋಗಿ ನೋಡು,’ ಎಂದ ಅಂಗಡಿಯವ.

“ಅವನು ಮನೆಗೆ ಬಂದು ನೋಡಿದ. ಕಂಪ್ಯೂಟರ್ ಎಲ್ಲೂ ನಿಲ್ಲುತ್ತಿರಲಿಲ್ಲ. ದೋಣಿ ಹೂವಿನಷ್ಟು ಹಗುರಾಗಿ ಹೋಯಿತು. ಆಚೆಯ ದಡ ಬರಿಯ ನೆಲವಾಗಿತ್ತು. ಅಲ್ಲಿ ಮರ ಇರಲಿಲ್ಲ, ದೀಪ ಇರಲಿಲ್ಲ. ಗೆಳೆಯ ಅಂದು ಬಂದಿರಲಿಲ್ಲ. ಮುಂದೆಯೂ ಬರಲಿಲ್ಲ.”

ಕತೆ ಮುಗಿದಂತೆಯೂ ಇತ್ತು, ಮುಗಿಯದಂತೆಯೂ ಇತ್ತು. ಇಂದುಧರನಿಗೆ ತನ್ನ ಉತ್ತರ ಬೇಕಾಗಿತ್ತು.

“ಹಾಗಾದರೆ ನಾನು ಹಾಕಿಸಲೋ ಬೇಡವೋ, ಗುರುಗಳೇ?”

“ಹೇಳುತ್ತೇನೆ, ಇರು. ಕತೆಯನ್ನು ತಪ್ಪು ತಿಳಿಯಬೇಡ. ಮೀಟರಿನದೇನೂ ತಪ್ಪಿಲ್ಲ. ಅಂಗಡಿಯವನದೂ ತಪ್ಪಿಲ್ಲ. ಅಳೆಯುವುದನ್ನು ನಾನೇ ನಿನಗೆ ಕಲಿಸಿದವನು, ಅಳೆಯಬೇಡ ಎಂದು ಈಗ ಹೇಗೆ ಹೇಳಲಿ? ಆದರೆ ತೊಂಬತ್ತೈದು ಎಂದರೆ ತುಂಬಿತು ಎಂದೂ ಅನ್ನಬಹುದು, ಇನ್ನೂ ಐದು ಇದೆ ಎಂದೂ ಅನ್ನಬಹುದು. ಅಂಕಿ ಅಲ್ಲಿಯವರೆಗೆ ಮಾತ್ರ ಕರೆದುಕೊಂಡು ಹೋಗುತ್ತದೆ. ಅಲ್ಲಿಂದ ಮುಂದಕ್ಕೆ… ಈಗ ನಿನ್ನದನ್ನೇ ತೆಗೆದುಕೋ. ಮೆಮೊರಿ ಕೂರಿಸುವ ಸ್ಲಾಟ್ ಎರಡಿದ್ದು, ಅದರಲ್ಲಿ ಒಂದು ಖಾಲಿ ಇದ್ದರೆ, ಆಗ…”

“ರೀ, ಕೇಳಿಸ್ತೇನ್ರೀ?” ಒಳಗಿನಿಂದ ಅವರ ಹೆಂಡತಿಯ ದನಿ ಬಂತು. “ಸಿಲಿಂಡರ್ ತಂದವ್ರೆ, ಬಾಗಿಲಲ್ಲೇ ನಿಂತವ್ರೆ. ಆಮೇಲೆ ಪಾಠ ಮಾಡೋರಂತೆ, ಬನ್ನಿ!”

“ಬಂದೆ, ಬಂದೆ,” ಎಂದು ಗುರುಗಳು ಎದ್ದರು. ಹೇಳುತ್ತಿದ್ದ ಮಾತು ಅರ್ಧಕ್ಕೇ ಉಳಿಯಿತು. ಹೊಸ್ತಿಲ ಬಳಿ ನಿಂತು ತಿರುಗಿದರು.

“ನಿನ್ನೆ ಸಂಜೆ ನಿನ್ನ ಅಕ್ಕ ನಿನಗೆ ಏನು ಹೇಳಿದಳು?”

ಇಂದುಧರ ಹೇಳಲೆಂದು ಬಾಯಿ ತೆರೆದ. ನೆನಪಿಗೆ ಬಂದದ್ದು ಹಾಳೆಯಲ್ಲಿ ಬರೆದಿಟ್ಟ ನಿನ್ನೆಯ ಅಂಕಿ ಮಾತ್ರ.