ಬೆರಳಿಗೆ ಸಿಕ್ಕಿದ ಮುಳ್ಳು

ಚಳ್ಳಕೆರೆಯಲ್ಲಿ ಓಬಳೇಶ ಎಂಬವನಿದ್ದ. ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳಿಗೆ ಹೊಸ ತಂತಿ ಸುತ್ತಿಕೊಡುವುದು ಅವನ ಕಸುಬು. ವಾರವೆಲ್ಲ ದುಡಿದರೂ ಅವನ ಮನಸ್ಸು ಭಾನುವಾರದ ಮೇಲೆಯೇ ಇರುತ್ತಿತ್ತು. ಭಾನುವಾರ ಬೆಳಿಗ್ಗೆ ಅವನೂ ಅವನ ಗೆಳೆಯರೂ ಬೈಕು ತೆಗೆದುಕೊಂಡು ಊರಾಚೆಯ ಗುಡ್ಡಗಳಿಗೆ ಹೊರಡುತ್ತಿದ್ದರು. ಡಾಂಬರು ರಸ್ತೆ ಬಿಟ್ಟು ಕುರಿ ನಡೆಯುವ ಜಾಡಿನಲ್ಲಿ, ಒಣಗಿದ ಹಳ್ಳದಲ್ಲಿ, ಬಂಡೆಯ ಮೇಲೆ ಬೈಕು ಓಡಿಸುವುದೇ ಅವರ ಆಟ.

ಆ ಸೀಮೆಯಲ್ಲಿ ಎತ್ತ ನೋಡಿದರೂ ಬಳ್ಳಾರಿ ಜಾಲಿ. ಅದರ ಮುಳ್ಳು ಚಪ್ಪಲಿ ತೂರಿಕೊಂಡು ಕಾಲಿಗೆ ಬರುತ್ತದೆ. ಇನ್ನು ಟೈರನ್ನು ಬಿಡುತ್ತದೆಯೇ? ಗುಡ್ಡಕ್ಕೆ ಹೋದ ದಿನ ಯಾರದಾದರೂ ಒಬ್ಬರ ಗಾಡಿ ಪಂಚರ್ ಆಗಲೇಬೇಕು. ಸುತ್ತ ಅಂಗಡಿಯಿಲ್ಲ, ಮನೆಯಿಲ್ಲ. ಆಗ ಎಲ್ಲರೂ ಓಬಳೇಶನ ಮುಖ ನೋಡುತ್ತಿದ್ದರು.

ಓಬಳೇಶ ಚಕ್ರ ಬಿಚ್ಚುತ್ತಿದ್ದ. ಟೈರಿನ ಅಂಚು ಎಬ್ಬಿಸಿ, ಟ್ಯೂಬು ಹೊರಗೆಳೆದು, ತೂತು ಹುಡುಕಿ, ಪ್ಯಾಚು ಹಾಕಿ ಮತ್ತೆ ಜೋಡಿಸಿಕೊಡುತ್ತಿದ್ದ. ಆ ಕೆಲಸ ಮಾಡುವಾಗ ಮಾತ್ರ ಯಾರನ್ನೂ ಹತ್ತಿರ ಸೇರಿಸುತ್ತಿರಲಿಲ್ಲ.

"ಹೋಗಿ ನೆರಳಲ್ಲಿ ಕೂತ್ಕೊಳ್ರಪ್ಪ. ಆದ್ಮೇಲೆ ನಾನೇ ಕರೀತೀನಿ" ಅನ್ನುತ್ತಿದ್ದ.

ಅವನ ಹೆಂಡತಿಯ ತಮ್ಮ ತಿಪ್ಪೇಶನೂ ಆ ಗುಂಪಿನಲ್ಲಿದ್ದ. ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದ. "ಭಾವ ಇದ್ರೆ ಯಾವ ಗುಡ್ಡವಾದ್ರೂ ಸೈ" ಎಂದು ಅವನು ಎಲ್ಲರ ಮುಂದೆ ಹೇಳುತ್ತಿದ್ದ. ಆ ಮಾತು ಕೇಳಿದ ದಿನ ಓಬಳೇಶನಿಗೆ ಊಟ ಎರಡು ತುತ್ತು ಹೆಚ್ಚಿಗೆ ಸೇರುತ್ತಿತ್ತು.

ಹೀಗಿರುವಾಗ ಊರಿನ ಪಶು ಆಸ್ಪತ್ರೆಗೆ ಹೇಮಾವತಿ ಎಂಬ ಹೆಣ್ಣುಮಗಳು ವರ್ಗವಾಗಿ ಬಂದಳು. ಕುರಿಹಟ್ಟಿಗಳಿಗೆ ಹೋಗಿ ಕುರಿಗಳಿಗೆ ಲಸಿಕೆ ಹಾಕುವುದು ಅವಳ ಕೆಲಸ. ರಸ್ತೆಯೇ ಇಲ್ಲದ ಹಟ್ಟಿಗಳಿಗೆ ಬೈಕಿನಲ್ಲಿ ಹೋಗಿ ಹೋಗಿ ಅವಳಿಗೆ ಕಲ್ಲು, ಮರಳು, ಮುಳ್ಳು ಎಲ್ಲ ರೂಢಿಯಾಗಿತ್ತು. ಗುಂಪಿನ ಹಿರಿಯರಾದ ರುದ್ರಮುನಿ ಮೇಷ್ಟ್ರು ಅವಳನ್ನು ಭಾನುವಾರದ ಸವಾರಿಗೆ ಕರೆದರು. ಅವಳು ಸಂತೋಷದಿಂದ ಬಂದಳು.

ಮೊದಲ ದಿನವೇ ತಿಪ್ಪೇಶನ ಗಾಡಿ ಪಂಚರ್ ಆಯಿತು. ಓಬಳೇಶ ಮುಂದೆ ಹೋಗಿಬಿಟ್ಟಿದ್ದ. ವಾಪಸು ಬಂದು ನೋಡಿದರೆ ಚಕ್ರ ಆಗಲೇ ಬಿಚ್ಚಿಯಾಗಿತ್ತು. ಹೇಮಾವತಿ ನೆಲದ ಮೇಲೆ ಕೂತಿದ್ದಳು. ಆದರೆ ಕೆಲಸ ಮಾಡುತ್ತಿದ್ದವನು ತಿಪ್ಪೇಶ! ಅವಳು ಬಾಯಲ್ಲಿ ಹೇಳಿಕೊಡುತ್ತಿದ್ದಳು ಅಷ್ಟೇ.

"ತೂತಿನ ಸುತ್ತ ಉಪ್ಪುಕಾಗದದಲ್ಲಿ ಚೆನ್ನಾಗಿ ಉಜ್ಜಿ. ಸಲ್ಯೂಷನ್ ಹಚ್ಚಿದ ಕೂಡ್ಲೆ ಅಂಟಿಸ್ಬೇಡಿ. ಬೆರಳಿಗೆ ಅಂಟದಷ್ಟು ಆರ್ಲಿ. ಹಾಂ, ಈಗ ಒತ್ತಿ."

ತಿಪ್ಪೇಶ ಒತ್ತಿದ. ಗಾಳಿ ತುಂಬಿದರು. ನಿಂತಿತು. ತಿಪ್ಪೇಶ ಕುಣಿದುಬಿಟ್ಟ. "ಭಾವ, ನೋಡಿ, ನಾನೇ ಹಾಕಿದ್ದು!"

"ಒಳ್ಳೇದಾಯ್ತು" ಅಂದ ಓಬಳೇಶ. ಅವನ ಮುಖದಲ್ಲಿ ಮಾತ್ರ ಒಳ್ಳೆಯದೇನೂ ಕಾಣಲಿಲ್ಲ.

ಅಂದು ರಾತ್ರಿ ಊಟಕ್ಕೆ ಬಡಿಸುತ್ತಾ ಹೆಂಡತಿ ಸಾಕಮ್ಮ ಅಂದಳು: "ತಮ್ಮ ಬಂದಿದ್ದ. ಆಯಮ್ಮ ಎಷ್ಟು ಚೆನ್ನಾಗಿ ಕಲಿಸ್ತಾರೆ ಅಂತ ಹೇಳಿದ್ದೇ ಹೇಳಿದ್ದು. ಇಷ್ಟು ವರ್ಷ ಆಯ್ತಲ್ಲ, ನೀವ್ಯಾಕೆ ಅವನಿಗೆ ಕಲಿಸ್ಲಿಲ್ಲ?"

ಓಬಳೇಶ ಅರ್ಧ ಮುದ್ದೆ ತಟ್ಟೆಯಲ್ಲೇ ಬಿಟ್ಟು ಎದ್ದ.

ವಾರಗಳು ಕಳೆದವು. ಗುಂಪಿನವರೆಲ್ಲ ಒಬ್ಬೊಬ್ಬರಾಗಿ ಪ್ಯಾಚು ಹಾಕುವುದು ಕಲಿತರು. ಈಗ ಪಂಚರ್ ಆದರೆ ಯಾರೂ ಓಬಳೇಶನ ಮುಖ ನೋಡುವುದಿಲ್ಲ. ಎಲ್ಲರೂ ಚಕ್ರದ ಸುತ್ತ ಕೂತು ನಗುತ್ತಾ ಕೆಲಸ ಮಾಡುತ್ತಾರೆ. ಓಬಳೇಶ ಒಬ್ಬನೇ ಜಾಲಿ ನೆರಳಲ್ಲಿ ನಿಂತಿರುತ್ತಾನೆ. ಹೇಮಾವತಿ ನಕ್ಕರೆ ತನ್ನನ್ನು ನೋಡಿಯೇ ನಕ್ಕಳು ಅನ್ನಿಸುತ್ತದೆ. ಅವಳು ಬಂಡೆ ಹತ್ತಿದರೆ ಜಾರಬಾರದೇ ಅನ್ನಿಸುತ್ತದೆ. "ಓಬಳೇಶಣ್ಣ, ನೀವೂ ಬನ್ನಿ" ಎಂದು ಅವಳು ಕರೆದರಂತೂ, ತನ್ನ ಮನೆಗೆ ತನ್ನನ್ನೇ ನೆಂಟನಂತೆ ಕರೆದ ಹಾಗೆ ಆಗಿ ಹೊಟ್ಟೆಯೊಳಗೆ ಕೆಂಡ ಕದಡಿದಂತಾಗುತ್ತದೆ.

ಮಕ್ಕಳೇ, ಹೊಟ್ಟೆಕಿಚ್ಚು ಎಂದು ಹಿರಿಯರು ಸುಮ್ಮನೆ ಹೆಸರಿಡಲಿಲ್ಲ. ಅದು ಉರಿಯುವುದು ಇಟ್ಟುಕೊಂಡವನ ಹೊಟ್ಟೆಯಲ್ಲೇ.

ಒಂದು ಭಾನುವಾರ ಎಲ್ಲರೂ ದೊಡ್ಡ ಗುಡ್ಡಕ್ಕೆ ಹೋದರು. ನೆತ್ತಿಯ ಹತ್ತಿರ ಹೇಮಾವತಿಯ ಹಿಂದಿನ ಚಕ್ರವೇ ಕೂತುಬಿಟ್ಟಿತು. ಟೈರಿಗೆ ನೆಟ್ಟಿದ್ದ ಮುಳ್ಳನ್ನು ಅವಳು ಕಿತ್ತೆಸೆದಳು. ಟ್ಯೂಬು ತೆಗೆದು ಪ್ಯಾಚು ಹಾಕಲು ಕೂತಳು. ಪ್ಯಾಚು ಹಾಕುವವರು ಒಬ್ಬರಾದರೆ ಟೈರು ನೋಡುವವರು ಇನ್ನೊಬ್ಬರಿರಬೇಕು ಅನ್ನುವುದು ಅವಳ ಪದ್ಧತಿ. ಒಬ್ಬರ ಕಣ್ಣಿಗೆ ತಪ್ಪಿದ್ದು ಇನ್ನೊಬ್ಬರಿಗೆ ಸಿಗುತ್ತದೆ ಎಂದು.

"ಓಬಳೇಶಣ್ಣ, ಟೈರು ನೀವು ನೋಡ್ತೀರಾ? ನಿಮ್ಮ ಬೆರಳು ಪಳಗಿದ ಬೆರಳು."

ಓಬಳೇಶ ಟೈರಿನ ಒಳಗೆ ಕೈಹಾಕಿ ಮೆಲ್ಲಗೆ ಬೆರಳಾಡಿಸಿದ. ಒಂದು ಕಡೆ ಚುರುಕ್ ಅಂದಿತು. ಮುಳ್ಳಿನ ತುದಿ! ಮೇಲಿನದು ಕಿತ್ತು ಬಂದಿತ್ತು, ತುದಿ ಮುರಿದು ಒಳಗೇ ಉಳಿದಿತ್ತು. ಎಳ್ಳಿನಷ್ಟು ಸಣ್ಣದು. ಉಗುರು ಹಾಕಿ ಎಳೆದಿದ್ದರೆ ಬಂದುಬಿಡುತ್ತಿತ್ತು.

ಅವನು ಎಳೆಯಲಿಲ್ಲ. ಅವನ ಮನಸ್ಸು ಹೇಳಿತು: "ಇರಲಿ ಬಿಡು. ಸ್ವಲ್ಪ ದೂರ ಹೋದರೆ ಮತ್ತೆ ಗಾಳಿ ಇಳಿಯುತ್ತದೆ. ಈ ಅಮ್ಮನ ಪ್ಯಾಚು ನಿಲ್ಲಲಿಲ್ಲ ಅನ್ನುವುದು ಎಲ್ಲರಿಗೂ ಕಾಣುತ್ತದೆ. ಆಗ ಮತ್ತೆ ನನ್ನನ್ನೇ ಕರೆಯುತ್ತಾರೆ."

"ಏನೂ ಇಲ್ಲ. ಹಾಕಿ" ಅಂದ.

ಹೇಮಾವತಿ ಅವನ ಮಾತು ನಂಬಿ ಚಕ್ರ ಜೋಡಿಸಿದಳು.

ಪ್ಯಾಚು ಕೆಡಲೆಂದು ಕಾದಿದ್ದವನು ಒಂದನ್ನು ಮರೆತಿದ್ದ. ಮುಂದಿದ್ದದ್ದು ಇಳಿಜಾರು. ಬಂಡೆಯ ಮೇಲೆ ಇಳಿಯುತ್ತಿದ್ದಾಗಲೇ ಹೇಮಾವತಿಯ ಹಿಂದಿನ ಚಕ್ರದ ಗಾಳಿ ಹೋಯಿತು. ಗಾಡಿ ಅಡ್ಡಕ್ಕೆ ಎಳೆಯಿತು. ಅವಳು ಗಾಡಿಯ ಸಮೇತ ಬಂಡೆಗೆ ಬಿದ್ದಳು. ಹಿಂದೆ ಬರುತ್ತಿದ್ದ ಓಬಳೇಶ ಅದನ್ನು ಕಣ್ಣಾರೆ ಕಂಡ. ಎಲ್ಲರಿಗಿಂತ ಮೊದಲು ಓಡಿಹೋಗಿ ಗಾಡಿ ಎತ್ತಿದವನೂ ಅವನೇ.

ಅವಳ ಬಲಗೈ ಮುರಿದಿತ್ತು. ರುದ್ರಮುನಿ ಮೇಷ್ಟ್ರು ಟವೆಲಿನಿಂದ ಕೈಯನ್ನು ಕುತ್ತಿಗೆಗೆ ಕಟ್ಟಿ, ಮೆಲ್ಲಗೆ ನಡೆಸಿಕೊಂಡು ಗಾಡಿದಾರಿಗೆ ಇಳಿಸಿದರು. ತಿಪ್ಪೇಶ ಮುಂದೆ ಹೋಗಿ ಒಂದು ಟೆಂಪೋ ಕರೆತಂದ. ಅವಳ ಬೈಕು ತರಲು ಓಬಳೇಶ ಒಬ್ಬನೇ ಗುಡ್ಡದಲ್ಲಿ ಉಳಿದ.

ಅವನು ಚಕ್ರ ಬಿಚ್ಚಿದ. ಟ್ಯೂಬು ತೆಗೆದು ನೋಡಿದ. ಹೇಮಾವತಿ ಹಾಕಿದ ಪ್ಯಾಚು ಟ್ಯೂಬಿನ ಚರ್ಮವೇ ಆದಂತೆ ಕೂತಿತ್ತು. ಅದರ ಪಕ್ಕದಲ್ಲಿ ಹೊಸ ತೂತು. ಟೈರಿನಲ್ಲಿ ಅದೇ ಮುಳ್ಳು. ಈಗ ಅದನ್ನು ಉಗುರಿನಿಂದ ಎಳೆದ. ಎಷ್ಟು ಸಲೀಸಾಗಿ ಬಂತು! ಅದನ್ನು ದೂರಕ್ಕೆ ಎಸೆದು, ಕೈ ಒರೆಸಿಕೊಂಡ.

ಸಂಜೆ ಆಸ್ಪತ್ರೆಗೆ ಹೋದಾಗ ಹೇಮಾವತಿ ಕೈಗೆ ಪಟ್ಟಿ ಹಾಕಿಸಿಕೊಂಡು ಮಲಗಿದ್ದಳು. ಗೆಳೆಯರೆಲ್ಲ ಸುತ್ತ ನಿಂತಿದ್ದರು. ಅವಳು ಮೊದಲು ಕೇಳಿದ್ದು ಅದನ್ನೇ.

"ಅಣ್ಣ, ಚಕ್ರ ಬಿಚ್ಚಿ ನೋಡಿದ್ರಾ? ನನ್ನ ಪ್ಯಾಚು ಬಿಟ್ಟಿತ್ತಾ?"

ಓಬಳೇಶನಿಗೆ ನಿಜ ಹೇಳಲು ಅದೊಂದು ಗಳಿಗೆ ಇತ್ತು. ಅವನು ಸುತ್ತ ನಿಂತವರನ್ನು ನೋಡಿದ.

"ಹ್ಞೂಂ. ಅಂಚು ಬಿಟ್ಟಿತ್ತು" ಅಂದ.

ಹೇಮಾವತಿ ಗೋಡೆಯ ಕಡೆ ತಿರುಗಿದಳು. "ನನ್ನಿಂದ ಆಗಿದ್ದು" ಎಂದಷ್ಟೇ ಹೇಳಿದಳು.

ಅಂದಿನಿಂದ ಓಬಳೇಶ ಬಯಸಿದ್ದೆಲ್ಲ ಅವನಿಗೆ ಸಿಕ್ಕಿತು. ಪಂಚರ್ ಆದರೆ ಯಾರೂ ತಾವಾಗಿ ಮುಟ್ಟುತ್ತಿರಲಿಲ್ಲ. "ಬೇಡಪ್ಪ, ಭಾವನೇ ಹಾಕ್ಲಿ. ಆಯಕ್ಕಂದೇ ನಿಲ್ಲಲಿಲ್ಲ, ಅವರು ಕಲಿಸಿದ್ದು ನಂದು ನಿಲ್ಲುತ್ತಾ?" ಎಂದು ತಿಪ್ಪೇಶನೇ ಹಿಂದೆ ಸರಿಯುತ್ತಿದ್ದ. ಓಬಳೇಶ ಪ್ಯಾಚು ಹಾಕುತ್ತಿದ್ದ. ಎಲ್ಲರೂ ಹೊಗಳುತ್ತಿದ್ದರು. ಆದರೆ ಟೈರಿನೊಳಗೆ ಕೈ ಹಾಕಿದಾಗಲೆಲ್ಲ, ಮುಳ್ಳು ಸಿಗದಿದ್ದರೂ ಅವನು ಮತ್ತೆ ಮತ್ತೆ ಬೆರಳಾಡಿಸುತ್ತಿದ್ದ.

ಹೇಮಾವತಿಯ ಕೈ ಕೂಡಿತು, ಪಟ್ಟಿ ಬಿಚ್ಚಿದರು. ಆದರೂ ಅವಳು ಬೈಕು ಮುಟ್ಟಲಿಲ್ಲ. ಬಸ್ಸು ಹೋಗುವ ಊರುಗಳಿಗೆ ಮಾತ್ರ ಹೋಗುತ್ತಿದ್ದಳು. ಗುಡ್ಡದಾಚೆಯ ಹಟ್ಟಿಯವರು ಲಸಿಕೆಗೆ ಕಾದು ಕಾದು, ಕುರಿ ಹೊಡೆದುಕೊಂಡು ತಾವೇ ಊರಿಗೆ ಬರಬೇಕಾಯಿತು.

ಒಂದು ದಿನ ಸಾಕಮ್ಮ ಶೇಂಗಾ ಚಟ್ನಿಪುಡಿ ಕುಟ್ಟಿ ಡಬ್ಬಿಗೆ ತುಂಬಿದಳು. "ಪಾಪ, ಒಂಟಿ ಹೆಣ್ಣುಮಗಳು. ಕೈ ನೋವಲ್ಲಿ ಏನು ಮಾಡ್ಕೊಳ್ತಾಳೋ. ಇದನ್ನ ಕೊಟ್ಟು ಬನ್ನಿ" ಎಂದು ಗಂಡನನ್ನು ಕಳಿಸಿದಳು.

ಓಬಳೇಶ ಹೋದಾಗ ಹೇಮಾವತಿ ಹಿತ್ತಿಲಲ್ಲಿ ಕೂತಿದ್ದಳು. ಮುಂದೆ ಒಂದು ಬಕೆಟ್ ನೀರು. ಮಡಿಲಲ್ಲಿ ಒಂದು ಹಳೆಯ ಟ್ಯೂಬು. ಟ್ಯೂಬಿನ ತುಂಬ ಪ್ಯಾಚುಗಳು. ಅವಳೇ ತೂತು ಮಾಡಿ, ಅವಳೇ ಪ್ಯಾಚು ಹಾಕಿ, ಗಾಳಿ ತುಂಬಿ, ನೀರಿನಲ್ಲಿ ಅದ್ದಿ ಗುಳ್ಳೆ ಬರುತ್ತದೆಯೇ ಎಂದು ನೋಡುತ್ತಿದ್ದಳು. ಗುಳ್ಳೆ ಬರಲಿಲ್ಲ.

"ಬನ್ನಿ ಅಣ್ಣ" ಅಂದಳು. "ದಿನಾ ಹಾಕಿ ನೋಡ್ತೀನಿ. ಒಂದೂ ಬಿಡೋದಿಲ್ಲ. ಅವತ್ತಿಂದು ಮಾತ್ರ ಯಾಕೆ ಬಿಡ್ತು? ಎಲ್ಲಿ ತಪ್ಪಿದೆ ಅಂತ ಎಷ್ಟು ಯೋಚ್ನೆ ಮಾಡಿದ್ರೂ ಹೊಳೀತಿಲ್ಲ. ನೀವು ಕಣ್ಣಾರೆ ನೋಡಿದೋರು. ನೀವಾದ್ರೂ ಹೇಳಿ."

ಓಬಳೇಶನ ಕೈಯಲ್ಲಿ ಚಟ್ನಿಪುಡಿ ಡಬ್ಬಿ ಹಾಗೇ ಇತ್ತು. ಅವನು ಅಲ್ಲೇ ಕುಕ್ಕರುಗಾಲಲ್ಲಿ ಕೂತ.

"ಎಲ್ಲೂ ತಪ್ಪಿಲ್ಲಮ್ಮ" ಅಂದ. "ನಿನ್ನ ಪ್ಯಾಚು ಬಿಟ್ಟಿರಲಿಲ್ಲ. ಟೈರಲ್ಲಿ ಮುಳ್ಳಿತ್ತು. ನನ್ನ ಬೆರಳಿಗೆ ಸಿಕ್ಕಿತ್ತು. ಗೊತ್ತಿದ್ದೂ ಬಿಟ್ಟೆ."

ಹೇಮಾವತಿ ಅವನನ್ನೇ ನೋಡಿದಳು.

"ಯಾಕೆ?" ಅಂದಳು.

"ಹೊಟ್ಟೆಕಿಚ್ಚು. ನೀನು ಬಂದ್ಮೇಲೆ ನನ್ನನ್ನ ಕೇಳೋರಿಲ್ಲದ ಹಾಗಾಯ್ತು. ನಿನಗೆ ಅವಮಾನ ಆಗ್ಲಿ ಅಂತಿದ್ದೆ. ಬೀಳ್ತೀಯ ಅಂತ ದೇವರಾಣೆ ಅಂದ್ಕೊಂಡಿರಲಿಲ್ಲ."

ಅವಳು ಅಳಲಿಲ್ಲ, ಕೂಗಲೂ ಇಲ್ಲ. ಟ್ಯೂಬನ್ನು ನೆಲಕ್ಕಿಟ್ಟಳು.

"ಕೈ ಮುರೀತು, ಕೂಡ್ಕೊಳ್ತು. ಅದನ್ನ ಬಿಡಿ. ಇಷ್ಟು ದಿನ ನನ್ನ ಕೈಯನ್ನ ನಾನೇ ನಂಬ್ಲಿಲ್ವಲ್ಲ, ಅದಕ್ಕೇನು ಹೇಳ್ತೀರಿ ಅಣ್ಣ?"

ಓಬಳೇಶ ತಲೆ ತಗ್ಗಿಸಿದ.

"ನಾನು ಈಗಲೇ ಕ್ಷಮಿಸಿಬಿಟ್ಟೆ ಅನ್ನಲ್ಲ. ಸುಳ್ಳಾಗುತ್ತೆ" ಅಂದಳು ಹೇಮಾವತಿ. "ನನ್ನ ಪ್ಯಾಚು ಬಿಡ್ತು ಅಂತ ಎಲ್ಲರ ಮುಂದೆ ಹೇಳಿದ್ರಿ. ಇದನ್ನೂ ಎಲ್ಲರ ಮುಂದೆ ಹೇಳಿ."

ಮುಂದಿನ ಭಾನುವಾರ ಎಲ್ಲರೂ ಸೇರಿದಾಗ ಓಬಳೇಶ ಹೇಳಿದ. ಒಂದನ್ನೂ ಮುಚ್ಚಿಡಲಿಲ್ಲ. ತಿಪ್ಪೇಶನ ಕಣ್ಣಲ್ಲಿ ನೀರು ಬಂತು.

"ನಮ್ಮಕ್ಕನಿಗೆ ನಾನು ಹೇಳಲ್ಲ ಭಾವ. ನೀವೇ ಹೇಳಿ" ಎಂದು ಹೇಳಿ ದೂರ ಹೋಗಿ ನಿಂತ.

ಓಬಳೇಶ ಗಾಡಿ ತಿರುಗಿಸಿದ. ಇನ್ನು ತನಗೆ ಇಲ್ಲಿ ಜಾಗವಿಲ್ಲ ಎಂದುಕೊಂಡ. ಆಗ ರುದ್ರಮುನಿ ಮೇಷ್ಟ್ರು ಅವನ ಹ್ಯಾಂಡಲ್ ಹಿಡಿದರು.

"ಓಡಿ ಹೋಗೋದು ಸುಲಭ ಕಣೋ. ಬಾ. ಆದ್ರೆ ಮುಂದೆ ಹೋಗ್ಬೇಡ. ಎಲ್ಲರ ಹಿಂದೆ ಬಾ. ಯಾರ ಗಾಡಿ ನಿಂತ್ರೂ ಅವರ ಜೊತೆ ನಿಲ್ಲೋದು ನಿನ್ನ ಕೆಲಸ. ಕೇಳಿದ್ರೆ ಹೇಳಿಕೊಡು. ಕೇಳದಿದ್ರೆ ಪಂಪು ಹಿಡ್ಕೊಂಡು ನಿಂತಿರು."

ಓಬಳೇಶ ಒಪ್ಪಿದ. ಮನೆಗೆ ಹೋಗಿ ಸಾಕಮ್ಮನಿಗೂ ಹೇಳಿದ. ಅವಳು ಆ ವಾರವೆಲ್ಲ ಮುಖ ಕೊಟ್ಟು ಮಾತಾಡಲಿಲ್ಲ.

ಹೇಮಾವತಿ ಮತ್ತೆ ಬೈಕು ಹತ್ತಿದಳು. ಹಟ್ಟಿಗಳಿಗೆ ಹೋದಳು, ಭಾನುವಾರ ಗುಡ್ಡಕ್ಕೂ ಬಂದಳು. ಬಹಳ ತಿಂಗಳು ಓಬಳೇಶನೊಂದಿಗೆ ಬೇಕಾದಷ್ಟೇ ಮಾತಾಡಿದಳು. ಅವನು ಅದನ್ನು ಸಹಿಸಿಕೊಂಡ. ಎಲ್ಲರ ಹಿಂದೆ, ಎಲ್ಲರ ಧೂಳು ಕುಡಿಯುತ್ತಾ ಗಾಡಿ ಓಡಿಸಿದ.

ಅವಳು ಮುಂದೆ ಬಂಡೆ ಹತ್ತಿದಾಗ, ಗೆಳೆಯರು ಶಿಳ್ಳೆ ಹೊಡೆದಾಗ, ಅವನ ಹೊಟ್ಟೆ ಈಗಲೂ ಒಮ್ಮೊಮ್ಮೆ ಉರಿಯುತ್ತಿತ್ತು. ಆದರೆ ಉರಿಯುತ್ತಿರುವುದು ಏನು ಎಂದು ಈಗ ಅವನಿಗೆ ಗೊತ್ತಿತ್ತು. ಅವನು ಗಾಡಿ ನಿಲ್ಲಿಸಿ, ಒಂದು ಗುಟುಕು ನೀರು ಕುಡಿದು, ಅವಳು ಹತ್ತಿದ ಜಾಡಿನಲ್ಲೇ ತಾನೂ ಹತ್ತುತ್ತಿದ್ದ.

ನೀತಿ: ಇನ್ನೊಬ್ಬರು ಗೆದ್ದರೆ ನಮ್ಮ ಜಾಗ ಹೋಯಿತು ಎಂದು ಹೊಟ್ಟೆಕಿಚ್ಚು ಕಿವಿಯಲ್ಲಿ ಊದುತ್ತದೆ. ಆ ಮಾತು ನಂಬಿ ಕೆಡುಕು ಮಾಡಿದವನು ಬಯಸಿದ ಜಾಗ ಪಡೆದರೂ ಅಲ್ಲಿ ನೆಮ್ಮದಿಯಾಗಿ ಕೂರಲಾರ. ಹೊಟ್ಟೆಕಿಚ್ಚು ಯಾರಿಗಾದರೂ ಬರಬಹುದು. ಅದು ಹೇಳಿದಂತೆ ಕೇಳಬಾರದು. ಕೇಳಿ ತಪ್ಪು ಮಾಡಿದ್ದರೆ, ಎಷ್ಟು ಜನರ ಮುಂದೆ ಸುಳ್ಳು ಹೇಳಿದೆವೋ ಅಷ್ಟೂ ಜನರ ಮುಂದೆ ನಿಜವನ್ನೂ ಹೇಳಬೇಕು.